ಕಂಪ್ಯೂಟರ್ ಮುಂದೆ ಕಳೆಯುವ ಸಮಯದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರಿನಲ್ಲಿ ಮಾಡುವ ಕೆಲಸದ ಸಮಯವನ್ನು ತಂತ್ರಾಂಶದಿಂದ ದಾಖಲಿಸಿಕೊಂಡು, ಆ ದಾಖಲೆಯನ್ನು ನೋಡಿ ಕೆಲಸದ ರೀತಿಯನ್ನು ತಿದ್ದಿಕೊಳ್ಳುವ ಬಗ್ಗೆ ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಸರಳವಾದವು ಮೊದಲಿಗೂ ತಾಂತ್ರಿಕವಾದವು ಕೊನೆಗೂ ಇವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಹೊಸದಾಗಿ ಶುರು ಮಾಡುವವರಿಗೆ

ಇವು ನಿಜಕ್ಕೂ ಏನನ್ನು ಬರೆದುಕೊಳ್ಳುತ್ತವೆ? ನಾನು ಟೈಪ್ ಮಾಡಿದ್ದೆಲ್ಲ ಕಾಣಿಸುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ತಾನಾಗಿ ಸಮಯ ದಾಖಲಿಸುವ ಬಹುತೇಕ ತಂತ್ರಾಂಶಗಳು ಮೂರು ಸಂಗತಿಗಳನ್ನಷ್ಟೇ ಗಮನಿಸುತ್ತವೆ: ಈ ಕ್ಷಣ ಪರದೆಯಲ್ಲಿ ಮುಂದಿರುವ ವಿಂಡೋ ಯಾವ ಅಪ್ಲಿಕೇಶನ್ನಿನದು, ಆ ವಿಂಡೋದ ಶೀರ್ಷಿಕೆಯಲ್ಲಿ ಏನಿದೆ, ಕೀಬೋರ್ಡನ್ನೋ ಮೌಸನ್ನೋ ಕೊನೆಯದಾಗಿ ಮುಟ್ಟಿದ್ದು ಯಾವಾಗ. ಆ್ಯಕ್ಟಿವಿಟಿವಾಚ್ ಎಂಬ ತಂತ್ರಾಂಶ ಇದನ್ನು ಸೆಕೆಂಡಿಗೊಮ್ಮೆ ನೋಡುತ್ತದೆ. ವಿಂಡೋ ಬದಲಾಗದಿದ್ದರೆ ಹಿಂದಿನ ನಮೂದನ್ನೇ ಉದ್ದ ಮಾಡುತ್ತದೆ, ಬದಲಾದರೆ ಹೊಸ ಸಾಲು ಶುರು ಮಾಡುತ್ತದೆ. ಆರ್ಬಿಟಿಟಿ ಎಂಬ ಇನ್ನೊಂದು ತಂತ್ರಾಂಶ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ನಿಮಿಷಕ್ಕೊಮ್ಮೆ ಮಾತ್ರ ಇಣುಕುತ್ತದೆ. ಆದ್ದರಿಂದ ಹತ್ತು ಸೆಕೆಂಡು ಮೇಲ್ ನೋಡಿ ಬಂದದ್ದು ಮೊದಲನೆಯದರಲ್ಲಿ ದಾಖಲಾಗುತ್ತದೆ, ಎರಡನೆಯದರಲ್ಲಿ ಹೆಚ್ಚಾಗಿ ತಪ್ಪಿಹೋಗುತ್ತದೆ.

ಟೈಪ್ ಮಾಡಿದ ಪಠ್ಯ ಇವುಗಳಿಗೆ ಬೇಕಾಗುವುದಿಲ್ಲ. ವಾಟ್‌ಪಲ್ಸ್‌ನಂಥವು ಎಷ್ಟು ಕೀಲಿ ಒತ್ತಿದಿರಿ ಎಂಬ ಎಣಿಕೆ ಇಡುತ್ತವೆ, ಏನು ಬರೆದಿರಿ ಎಂಬುದನ್ನಲ್ಲ. ಮ್ಯಾನಿಕ್‌ಟೈಮ್‌ನಂಥ ಕೆಲವು ಪರದೆಯ ಚಿತ್ರವನ್ನೂ ತೆಗೆಯಬಲ್ಲವಾದ್ದರಿಂದ, ಹಾಕಿಕೊಂಡ ದಿನವೇ ಆ ಸೆಟ್ಟಿಂಗ್ ಹೇಗಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಆದರೂ ಶೀರ್ಷಿಕೆಯನ್ನು ಹಗುರವಾಗಿ ಕಾಣಬಾರದು. ಮೇಲ್‌ನ ವಿಷಯ, ಕಡತದ ಹೆಸರು, ಚಾಟ್‌ನಲ್ಲಿ ಎದುರಿಗಿರುವವರ ಹೆಸರು, ಇವೆಲ್ಲ ಅಲ್ಲಿಯೇ ಇರುತ್ತವೆ.

ಮೊಬೈಲ್, ಮ್ಯಾಕ್ ಎಲ್ಲದರಲ್ಲೂ ಸ್ಕ್ರೀನ್ ಟೈಮ್ ಇದೆಯಲ್ಲ, ಅಷ್ಟು ಸಾಲದೇ?

ಎಷ್ಟು ಹೊತ್ತು ಎಂಬುದಷ್ಟೇ ನಿಮ್ಮ ಪ್ರಶ್ನೆಯಾಗಿದ್ದರೆ ಸಾಕು. ಆ್ಯಪಲ್ ಈ ಸೌಲಭ್ಯವನ್ನು 2018ರಲ್ಲಿ ಐಓಎಸ್ 12ರೊಂದಿಗೂ 2019ರಲ್ಲಿ ಮ್ಯಾಕ್‌ನ ಕ್ಯಾಟಲಿನಾ ಆವೃತ್ತಿಯೊಂದಿಗೂ ಕೊಟ್ಟಿತು. ಗೂಗಲ್‌ನ ಡಿಜಿಟಲ್ ವೆಲ್‌ಬೀಯಿಂಗ್ ಕೂಡ 2018ರದೇ. ಇವುಗಳ ಉದ್ದೇಶ ಬಳಕೆಯನ್ನು ಮಿತಿಯಲ್ಲಿಡುವುದು. ಯಾವ ಕಡತಕ್ಕೆ, ಯಾವ ಕೆಲಸಕ್ಕೆ ಸಮಯ ಹೋಯಿತು, ಯಾವುದರ ನಡುವೆ ಯಾವುದು ಬಂದು ಕೆಡಿಸಿತು ಎಂಬ ವಿವರ ಬೇಕಾದರೆ ಬೇರೆ ತಂತ್ರಾಂಶವನ್ನೇ ನೋಡಬೇಕಾಗುತ್ತದೆ.

ಹತ್ತಾರು ಹೆಸರು ಕೇಳಿ ತಲೆ ಕೆಟ್ಟಿದೆ. ಮೊದಲು ಯಾವುದನ್ನು ಹಾಕಿಕೊಳ್ಳಲಿ?

ಬೇರೆಯದನ್ನು ಆರಿಸಲು ನಿರ್ದಿಷ್ಟ ಕಾರಣವಿಲ್ಲದಿದ್ದರೆ ಆ್ಯಕ್ಟಿವಿಟಿವಾಚ್ ಹಾಕಿಕೊಳ್ಳಿ ಎಂಬುದು ನನ್ನ ಸಲಹೆ. ಅದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ನಡೆಯುತ್ತದೆ. ದಾಖಲೆಯನ್ನು ನಿಮ್ಮ ಯಂತ್ರದಲ್ಲಿಯೇ ಇಟ್ಟುಕೊಂಡು, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ (ಅಂದರೆ ನಿಮ್ಮದೇ ಯಂತ್ರದ) ವಿಳಾಸದ 5600ನೇ ಪೋರ್ಟ್ ತೆರೆದರೆ, ಎಂದರೆ localhost:5600 ಎಂದು ಟೈಪ್ ಮಾಡಿದರೆ, ತೋರಿಸುತ್ತದೆ. ರೆಸ್ಕ್ಯೂಟೈಮ್ ಜಾಲತಾಣಗಳನ್ನು ಮತ್ತು ಅಪ್ಲಿಕೇಶನ್‌ಗಳನ್ನು ತಾನೇ ವಿಂಗಡಿಸಿ ಕೊಡುವುದರಿಂದ ಆರಂಭದ ಶ್ರಮ ಕಡಿಮೆ, ಆದರೆ ಅಲ್ಲಿ ದಾಖಲೆ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ವಿಂಡೋಸ್‌ನಲ್ಲಿದ್ದುಕೊಂಡು ಗಿರಾಕಿಗಳಿಗೆ ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವವರಿಗೆ ಮ್ಯಾನಿಕ್‌ಟೈಮ್‌ನ ಕಾಲರೇಖೆಯ ಮೇಲೆ ಗೆರೆ ಎಳೆದು ಹೆಸರು ಹಚ್ಚುವ ವ್ಯವಸ್ಥೆ ಅನುಕೂಲ. ಪ್ರೋಗ್ರಾಂ ಬರೆಯುವವರಿಗೆ ಎಡಿಟರಿನೊಳಗೇ ಕೂರುವ ವಾಕಾಟೈಮ್ ಇದೆ. ಕಮಾಂಡ್ ಲೈನ್ ಒಗ್ಗಿದವರಿಗೆ ಟೈಮ್‌ವಾರಿಯರ್ ಇದೆ. ಈಮ್ಯಾಕ್ಸ್ ಎಂಬ ಎಡಿಟರ್ ಬಳಸುವವರು ಅದರೊಳಗಿನ ಆರ್ಗ್ ಮೋಡ್‌ನ ಗಡಿಯಾರ ಬಿಟ್ಟು ಬೇರೆ ಕಡೆ ನೋಡುವುದೇ ಇಲ್ಲ.

ಒಂದು ಮಾತು: ಯಾವುದು ಉತ್ತಮ ಎಂದು ಹೋಲಿಸುತ್ತ ವಾರಗಟ್ಟಲೆ ಕಳೆಯುವವರಿದ್ದಾರೆ. ಆ ವಾರದ ದಾಖಲೆ ಇದ್ದಿದ್ದರೆ ಅದರ ಮೊದಲ ಸಾಲಿನಲ್ಲಿ ಈ ಹೋಲಿಕೆಯೇ ಇರುತ್ತಿತ್ತು.

ಕೈಯಿಂದ ಶುರು ಮಾಡಿ ನಿಲ್ಲಿಸುವ ಟೈಮರ್ ಒಳ್ಳೆಯದೋ, ತಾನಾಗಿ ದಾಖಲಿಸುವುದೋ?

ಟಾಗಲ್ ಟ್ರ್ಯಾಕ್, ಕ್ಲಾಕಿಫೈ ಮೊದಲಾದವುಗಳಲ್ಲಿ ನೀವೇ ಕೆಲಸದ ಹೆಸರು ಕೊಟ್ಟು ಗುಂಡಿ ಒತ್ತುತ್ತೀರಿ. ಅದರಿಂದ ನೀವು ಏನು ಮಾಡಲು ಕುಳಿತಿರಿ ಎಂಬುದು ತಿಳಿಯುತ್ತದೆ. ತಾನಾಗಿ ದಾಖಲಿಸುವ ತಂತ್ರಾಂಶದಿಂದ ನಿಜಕ್ಕೂ ಏನಾಯಿತು ಎಂಬುದು ತಿಳಿಯುತ್ತದೆ. ಎರಡರ ನಡುವಿನ ಅಂತರವೇ ಬಹಳಷ್ಟು ಹೇಳುತ್ತದೆ: ‘ವರದಿ ಬರೆಯುವುದು’ ಎಂದು ಎರಡು ಗಂಟೆಯ ಟೈಮರ್ ಓಡಿದ್ದು, ಅದೇ ಹೊತ್ತಿನ ಸ್ವಯಂಚಾಲಿತ ದಾಖಲೆಯಲ್ಲಿ ವರದಿಯ ಕಡತ ಐವತ್ತು ನಿಮಿಷ ಮಾತ್ರ ಮುಂದಿದ್ದರೆ, ಉಳಿದ ಎಪ್ಪತ್ತು ನಿಮಿಷದಲ್ಲಿ ಅಗತ್ಯದ ಓದು ಎಷ್ಟು, ಅಲೆದಾಟ ಎಷ್ಟು ಎಂದು ಕೇಳಿಕೊಳ್ಳಬಹುದು.

ಕೈಟೈಮರಿನ ದೊಡ್ಡ ತೊಂದರೆ ಎಂದರೆ ನಿಲ್ಲಿಸಲು ಮರೆಯುವುದು. ರಾತ್ರಿಯಿಡೀ ಓಡಿದ ನಮೂದು ಬೆಳಿಗ್ಗೆ ಕಾಯುತ್ತಿರುತ್ತದೆ. ಬಿಲ್ ಮಾಡಬೇಕಾದವರಿಗೆ ಟೈಮರ್ ತಪ್ಪಿದ್ದಲ್ಲ. ಉಳಿದವರು ಸ್ವಯಂಚಾಲಿತ ದಾಖಲೆಯಿಂದ ಶುರು ಮಾಡಿ, ಮುಖ್ಯವಾದ ಒಂದು ಕೆಲಸಕ್ಕೆ ಮಾತ್ರ ಟೈಮರ್ ಇಟ್ಟುಕೊಂಡರೆ ಸಾಕು.

ಇದರಿಂದ ಕಂಪ್ಯೂಟರ್ ನಿಧಾನವಾಗುವುದಿಲ್ಲವೇ?

ವಿಂಡೋದ ಹೆಸರು ಓದಿ ಒಂದು ಸಾಲು ಬರೆಯುವುದು ಇಂದಿನ ಯಂತ್ರಗಳಿಗೆ ಲೆಕ್ಕಕ್ಕೇ ಬಾರದ ಕೆಲಸ. ಪರದೆಯ ಚಿತ್ರ ತೆಗೆಯುವುದನ್ನು ಚಾಲೂ ಮಾಡಿದ್ದರೆ ಮಾತ್ರ ಡಿಸ್ಕ್ ತುಂಬುತ್ತ ಹೋಗುತ್ತದೆ.

## ದಾಖಲೆಯನ್ನು ಓದುವುದು, ಬಳಸುವುದು

ಒಂದು ವಾರದ ದಾಖಲೆ ಕೈಯಲ್ಲಿದೆ. ಈಗ ಅದನ್ನಿಟ್ಟುಕೊಂಡು ಏನು ಮಾಡಬೇಕು?

ಒಟ್ಟು ಗಂಟೆಗಳ ಪಟ್ಟಿಯಿಂದ ಶುರು ಮಾಡಬೇಡಿ. ತಂತ್ರಾಂಶ ಮೊದಲು ತೋರಿಸುವುದು ಅದನ್ನೇ, ಬಣ್ಣಬಣ್ಣದ ವೃತ್ತಗಳಲ್ಲಿ; ಆದರೆ ತಿದ್ದಿಕೊಳ್ಳಬೇಕಾದ ಸಂಗತಿ ಅಲ್ಲಿ ಅಪರೂಪಕ್ಕೆ ಸಿಗುತ್ತದೆ. ಕಾಲರೇಖೆಗೆ ಹೋಗಿ, ಕೆಲಸ ಸಾಗದೆ ಬೇಸರ ತಂದ ಯಾವುದಾದರೂ ಒಂದು ಬೆಳಗನ್ನು ಆರಿಸಿಕೊಂಡು, ಸಾಲು ಸಾಲಾಗಿ ಓದಿ. ಉದಾಹರಣೆಗೆ ಇಂಥದೊಂದು ಅರ್ಧ ಗಂಟೆಯನ್ನು ನೋಡೋಣ:

10:04 ವರದಿಯ ಕರಡು
10:11 ಮೇಲ್
10:12 ವರದಿಯ ಕರಡು
10:15 ಚಾಟ್
10:16 ಬ್ರೌಸರಿನಲ್ಲಿ ಹುಡುಕಾಟ
10:19 ಸುದ್ದಿ ತಾಣ
10:27 ವರದಿಯ ಕರಡು
10:34 ವಿರಾಮ

ಒಟ್ಟು ಲೆಕ್ಕದಲ್ಲಿ ಇದು ಕರಡಿಗೆ 17 ನಿಮಿಷ, ಸುದ್ದಿಗೆ 8, ಹುಡುಕಾಟಕ್ಕೆ 3, ಮೇಲ್ ಮತ್ತು ಚಾಟ್‌ಗೆ ಒಂದೊಂದು. ಅದನ್ನಷ್ಟೇ ನೋಡಿದವರು ಸುದ್ದಿ ತಾಣವನ್ನು ತಡೆಯಲು ಹೊರಡುತ್ತಾರೆ. ಕ್ರಮವಾಗಿ ಓದಿದರೆ ಕಥೆ ಬೇರೆ. ಬರೆಯುತ್ತಿದ್ದವರು ತಾವಾಗಿ ಸುದ್ದಿಗೆ ಹೋಗಲಿಲ್ಲ. ಚಾಟ್‌ನಲ್ಲಿ ಯಾರೋ ಏನೋ ಕೇಳಿದರು, ಅದಕ್ಕೆ ಉತ್ತರ ಹುಡುಕಲು ಬ್ರೌಸರ್ ತೆರೆದರು, ಬ್ರೌಸರ್ ತೆರೆದಿದ್ದರಿಂದ ಸುದ್ದಿ ಕಣ್ಣಿಗೆ ಬಿತ್ತು. ಒಂದು ನಿಮಿಷದ ಚಾಟ್ ಹನ್ನೆರಡು ನಿಮಿಷ ನುಂಗಿತು. ಇಲ್ಲಿ ತಿದ್ದಬೇಕಾದದ್ದು ಚಾಟ್‌ನ ಸೂಚನೆಯನ್ನು. ಹನ್ನೊಂದು ಗಂಟೆಯವರೆಗೆ ಅದು ಸದ್ದು ಮಾಡದಂತೆ ಇಟ್ಟರೆ ಸುದ್ದಿ ತಾಣದ ತಂಟೆಗೇ ಹೋಗಬೇಕಿಲ್ಲ.

ಇಂಥ ಜಿಗಿತಗಳು ಎಲ್ಲರಲ್ಲಿಯೂ ಇವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಸಂಶೋಧಕಿ ಗ್ಲೋರಿಯಾ ಮಾರ್ಕ್ 2004ರ ಸುಮಾರಿಗೆ ಕಚೇರಿ ಕೆಲಸಗಾರರ ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದವರನ್ನು ಕೂರಿಸಿ ಅಳೆದಾಗ ಒಂದು ಪರದೆಯ ಮೇಲೆ ಗಮನ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. ಮುಂದೆ ಕಂಪ್ಯೂಟರಿನಲ್ಲೇ ದಾಖಲಿಸಿ ಅಳೆದ ವರ್ಷಗಳಲ್ಲಿ ಅದು 47 ಸೆಕೆಂಡಿನ ಆಸುಪಾಸಿಗೆ ಇಳಿದಿತ್ತು. ಕೆಲಸ ಬದಲಿಸಿದಾಗ ಹಿಂದಿನ ಕೆಲಸದ ಯೋಚನೆ ಸ್ವಲ್ಪ ಹೊತ್ತು ತಲೆಯಲ್ಲಿ ಉಳಿದು ಹೊಸ ಕೆಲಸವನ್ನು ಕುಂಠಿತಗೊಳಿಸುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಆದ್ದರಿಂದ ಗಂಟೆಗೆ ಎಷ್ಟು ಬಾರಿ ವಿಂಡೋ ಬದಲಾಯಿತು, ಮುಖ್ಯ ಕೆಲಸದ ಅತಿ ಉದ್ದದ ತಡೆಯಿಲ್ಲದ ಅವಧಿ ಎಷ್ಟು ಎಂಬ ಎರಡು ಅಳತೆಗಳಿಗೆ ಒಟ್ಟು ಗಂಟೆಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಮೊದಲ ವಾರ ಏನನ್ನೂ ಬದಲಿಸಬೇಡಿ. ಅಳೆಯಲಾಗುತ್ತಿದೆ ಎಂಬ ಅರಿವಿನಿಂದಲೇ ನಡವಳಿಕೆ ಸ್ವಲ್ಪ ನೆಟ್ಟಗಾಗುತ್ತದೆ, ಆ ಹುಮ್ಮಸ್ಸು ಇಳಿದ ಮೇಲಿನ ದಿನಗಳೇ ನಿಜವಾದವು. ಅನಂತರ ಒಂದೇ ಒಂದು ಬದಲಾವಣೆ ಮಾಡಿ ಎರಡು ವಾರ ಬಿಡಿ. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.

ಎಲ್ಲವೂ ‘ಬ್ರೌಸರ್’ ಎಂದೇ ತೋರಿಸುತ್ತದೆ. ಅದರೊಳಗೆ ಕೆಲಸವೂ ಇದೆ, ಹರಟೆಯೂ ಇದೆ. ಬೇರ್ಪಡಿಸುವುದು ಹೇಗೆ?

ಮೊದಲು ಆ ತಂತ್ರಾಂಶದ ಬ್ರೌಸರ್ ವಿಸ್ತರಣೆಯನ್ನು, ಅಂದರೆ ಬ್ರೌಸರಿಗೆ ಸೇರಿಸುವ ಎಕ್ಸ್‌ಟೆನ್ಶನ್ನನ್ನು, ಹಾಕಿಕೊಳ್ಳಿ. ಅದು ಇದ್ದರೆ ಟ್ಯಾಬಿನ ವಿಳಾಸವೂ ದಾಖಲಾಗುತ್ತದೆ. ಅನಂತರ ವರ್ಗಗಳನ್ನು ಮಾಡಿ, ಪ್ರತಿ ವರ್ಗಕ್ಕೂ ಒಂದು ನಿಯಮ ಬರೆಯಬೇಕು. ಆ್ಯಕ್ಟಿವಿಟಿವಾಚ್‌ನಲ್ಲಿ ನಿಯಮಗಳು ರೆಗ್ಯುಲರ್ ಎಕ್ಸ್‌ಪ್ರೆಶನ್ ರೂಪದಲ್ಲಿರುತ್ತವೆ. ಹೆಸರು ಕೇಳಿ ಹೆದರಬೇಕಿಲ್ಲ, ‘ವರದಿ|ಕರಡು|ಟಿಪ್ಪಣಿ’ ಎಂದು ಬರೆದರೆ ಶೀರ್ಷಿಕೆಯಲ್ಲಿ ಈ ಮೂರರಲ್ಲಿ ಯಾವುದಿದ್ದರೂ ಆ ವರ್ಗಕ್ಕೆ ಸೇರಿಸು ಎಂದರ್ಥ. ನಡುವಿನ ನಿಂತ ಗೆರೆ ‘ಅಥವಾ’ ಎಂಬುದರ ಗುರುತು. ಬಹುಪಾಲು ಕೆಲಸ ಇಷ್ಟರಲ್ಲೇ ಮುಗಿಯುತ್ತದೆ.

ಕಡತಗಳಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಒಂದು ಸಣ್ಣ ಎಚ್ಚರಿಕೆ. ವ್ಯಂಜನದಿಂದ ಕೊನೆಗೊಳ್ಳುವ ಪದಗಳಲ್ಲಿ, ಒತ್ತಕ್ಷರ ಬಾರದಂತೆ ತಡೆಯುವ ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತ ಒಂದು ಕಡೆ ಸೇರಿಕೊಂಡು ಇನ್ನೊಂದು ಕಡೆ ಸೇರದೆ ಇರಬಹುದು. ಆಗ ‘ಮೇಲ್ ಪಟ್ಟಿ’ ಎಂಬ ನಿಯಮ, ನೋಡಲು ಅಚ್ಚು ಹಾಗೆಯೇ ಇರುವ ಶೀರ್ಷಿಕೆಗೆ ಹೊಂದುವುದಿಲ್ಲ. ನಿಯಮ ಸರಿಯಾಗಿದ್ದೂ ಕೆಲಸ ಮಾಡದಿದ್ದರೆ, ಶೀರ್ಷಿಕೆಯನ್ನು ದಾಖಲೆಯಿಂದಲೇ ನಕಲು ಮಾಡಿ ನಿಯಮಕ್ಕೆ ಅಂಟಿಸಿ.

ವರ್ಗಗಳು ಐದಾರು ಇದ್ದರೆ ಸಾಕು. ಅಪ್ಲಿಕೇಶನ್‌ಗಳ ಹೆಸರಿನಲ್ಲಿ ವರ್ಗ ಮಾಡುವುದಕ್ಕಿಂತ ಕೆಲಸದ ಹೆಸರಿನಲ್ಲಿ ಮಾಡುವುದು ಮೇಲು, ಏಕೆಂದರೆ ಒಂದೇ ವಿಡಿಯೋ ತಾಣದಲ್ಲಿ ಪಾಠವೂ ಇರುತ್ತದೆ, ಹಾಡೂ ಇರುತ್ತದೆ. ಯಾವ ವರ್ಗಕ್ಕೂ ಸೇರದೆ ಉಳಿದದ್ದು ದಿನದ ಹತ್ತನೇ ಒಂದು ಪಾಲಿಗಿಂತ ಕಡಿಮೆಯಾದ ಮೇಲೆ ನಿಯಮ ತಿದ್ದುತ್ತ ಕೂರಬೇಡಿ.

ಪಿಡಿಎಫ್ ಓದುತ್ತ ಕುಳಿತಿದ್ದೆ, ಅದು ನಾನು ಎದ್ದು ಹೋದೆ ಎಂದು ಬರೆದುಕೊಂಡಿದೆ. ಏಕೆ?

ಕೀಬೋರ್ಡ್ ಮತ್ತು ಮೌಸ್ ಅಲುಗದೆ ನಿಗದಿತ ಹೊತ್ತು ಕಳೆದರೆ ಬಳಕೆದಾರ ಅಲ್ಲಿಲ್ಲ ಎಂದು ತಂತ್ರಾಂಶ ತೀರ್ಮಾನಿಸುತ್ತದೆ. ಆ್ಯಕ್ಟಿವಿಟಿವಾಚ್‌ನಲ್ಲಿ ಈ ಅವಧಿ ಮೂಲತಃ ಮೂರು ನಿಮಿಷ. ದಟ್ಟವಾದ ಪುಟವೊಂದನ್ನು ಓದುವವರಿಗೆ ಮೂರು ನಿಮಿಷ ಏನೇನೂ ಅಲ್ಲ. ಓದು ಹೆಚ್ಚಿರುವವರು ಅದನ್ನು ಐದರಿಂದ ಹತ್ತು ನಿಮಿಷಕ್ಕೆ ಏರಿಸಬಹುದು. ಅದಕ್ಕೆ ಪ್ರತಿಯಾಗಿ, ನಿಜವಾಗಿಯೂ ಎದ್ದು ಹೋದ ಕೆಲವು ನಿಮಿಷಗಳು ಕೆಲಸದ ಲೆಕ್ಕಕ್ಕೆ ಸೇರುತ್ತವೆ. ವಿಡಿಯೋ ಸಭೆಗಳದ್ದೂ ಇದೇ ತಕರಾರು. ಶಬ್ದ ಬರುತ್ತಿರುವ ಬ್ರೌಸರ್ ಟ್ಯಾಬನ್ನು ಬಳಕೆಯಲ್ಲಿದೆ ಎಂದು ಎಣಿಸುವ ಆಯ್ಕೆ ಆ್ಯಕ್ಟಿವಿಟಿವಾಚ್‌ನಲ್ಲಿದೆ, ಅದನ್ನು ಚಾಲೂ ಮಾಡಿಕೊಳ್ಳಿ.

ಕಾಗದದ ಮೇಲೆ ಗೀಚುತ್ತ ಯೋಚಿಸಿದ್ದು, ಫೋನಿನಲ್ಲಿ ಮಾತನಾಡಿದ್ದು ಯಾವ ತಂತ್ರಾಂಶಕ್ಕೂ ಕಾಣದು. ದಾಖಲೆಯಲ್ಲಿ ಬಾರದ್ದು ಕೆಲಸವೇ ಅಲ್ಲ ಎಂದು ತೀರ್ಮಾನಿಸುವಷ್ಟು ಅದನ್ನು ನಂಬಬಾರದು.

ನನ್ನ ‘ಉತ್ಪಾದಕತೆಯ ಅಂಕ’ 62 ಬಂದಿದೆ. ಇದು ಒಳ್ಳೆಯದೇ, ಕೆಟ್ಟದ್ದೇ?

ಎರಡೂ ಅಲ್ಲ. ರೆಸ್ಕ್ಯೂಟೈಮ್ ಜನಪ್ರಿಯಗೊಳಿಸಿದ ಕ್ರಮದಲ್ಲಿ ಪ್ರತಿ ಚಟುವಟಿಕೆಯೂ ‘ಬಹಳ ಗಮನ ಕೆಡಿಸುವುದು’ ಎಂಬಲ್ಲಿಂದ ‘ಬಹಳ ಉತ್ಪಾದಕ’ ಎಂಬವರೆಗಿನ ಐದು ಮೆಟ್ಟಿಲುಗಳಲ್ಲಿ ಒಂದರ ಮೇಲೆ ನಿಲ್ಲುತ್ತದೆ; ಪ್ರತಿ ಮೆಟ್ಟಿಲಿನಲ್ಲಿ ಕಳೆದ ಹೊತ್ತಿನ ತೂಕ ಸೇರಿ 0ರಿಂದ 100ರವರೆಗಿನ ಒಂದು ಸಂಖ್ಯೆಯಾಗುತ್ತದೆ. ಯಾರೂ ಓದದ ವರದಿಯನ್ನು ನಾಲ್ಕು ಗಂಟೆ ಬರೆದವರಿಗೆ ಇಲ್ಲಿ ಅಂಕ ಸಿಗುತ್ತದೆ. ಹತ್ತು ನಿಮಿಷದ ಚಾಟ್‌ನಲ್ಲಿ ಆ ವರದಿಯೇ ಬೇಡ ಎಂದು ಇತ್ಯರ್ಥ ಮಾಡಿದವರಿಗೆ ಸಿಗುವುದಿಲ್ಲ.

ಒಂದು ಅಳತೆಯನ್ನು ಗುರಿಯಾಗಿ ಮಾಡಿಕೊಂಡ ಕೂಡಲೇ ಅದು ಅಳತೆಯಾಗಿ ಕೆಡುತ್ತದೆ ಎಂಬ ಮಾತು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. ಅವರು 1975ರಲ್ಲಿ ಅದನ್ನು ಹೇಳಿದ್ದು ಹಣಕಾಸು ನೀತಿಯ ಬಗ್ಗೆ, ಆದರೆ ಈ ಅಂಕಕ್ಕೂ ಅದು ಪೂರ್ತಿ ಹೊಂದುತ್ತದೆ: ಅಂಕ ಏರಿಸಲು ಹೊರಟವರು ಎಡಿಟರ್ ತೆರೆದಿಟ್ಟು ಕೂರುವುದನ್ನು ಬೇಗ ಕಲಿಯುತ್ತಾರೆ. ಬೇರೆಯವರ ಅಂಕದೊಂದಿಗೆ ಹೋಲಿಸುವುದಂತೂ ಅರ್ಥಹೀನ. ಹೋಲಿಸಲೇಬೇಕೆಂದರೆ ಇದೇ ಬಗೆಯ ಕೆಲಸವಿದ್ದ ನಿಮ್ಮದೇ ಇನ್ನೊಂದು ವಾರದೊಂದಿಗೆ ಹೋಲಿಸಿ. ನನ್ನನ್ನು ಕೇಳಿದರೆ, ಅಂಕವನ್ನು ಮುಖಪುಟದಿಂದ ತೆಗೆದುಹಾಕಲು ಅವಕಾಶವಿದ್ದರೆ ತೆಗೆದುಬಿಡಿ.

ಗಮನ ಸೆಳೆಯುವ ತಾಣಗಳನ್ನು ತಡೆಯುವ ತಂತ್ರಾಂಶಗಳಿಂದ ಪ್ರಯೋಜನವಿದೆಯೇ? ನಾನೇ ತೆಗೆದುಬಿಡುತ್ತೇನಲ್ಲ!

ತೆಗೆಯುವುದು ಎಷ್ಟು ಕಷ್ಟ ಎಂಬುದರ ಮೇಲೆ ಪ್ರಯೋಜನ ನಿಂತಿದೆ. ಲೀಚ್‌ಬ್ಲಾಕ್ ಬ್ರೌಸರಿನ ವಿಸ್ತರಣೆ. ಅದನ್ನು ನಿಷ್ಕ್ರಿಯಗೊಳಿಸುವುದು ಸುಲಭ. ಮ್ಯಾಕ್‌ನ ಸೆಲ್ಫ್‌ಕಂಟ್ರೋಲ್ ಒಮ್ಮೆ ಶುರುವಾದರೆ ಯಂತ್ರವನ್ನು ಮರುಚಾಲೂ ಮಾಡಿದರೂ, ತಂತ್ರಾಂಶವನ್ನೇ ಅಳಿಸಿದರೂ ಅವಧಿ ಮುಗಿಯುವ ತನಕ ಬಿಡುವುದಿಲ್ಲ. ವಿಂಡೋಸ್‌ನಲ್ಲಿ ಕೋಲ್ಡ್ ಟರ್ಕಿ ಇದೇ ಸ್ವಭಾವದ್ದು. ಕಂಪ್ಯೂಟರ್ ಮತ್ತು ಮೊಬೈಲ್ ಎರಡನ್ನೂ ಒಟ್ಟಿಗೆ ಕಟ್ಟಿಹಾಕಲು ಫ್ರೀಡಂ ಇದೆ.

ಪೂರ್ತಿ ತಡೆಗಿಂತ ವಿಳಂಬ ಹೆಚ್ಚು ದಿನ ಬಾಳುತ್ತದೆ. ಲೀಚ್‌ಬ್ಲಾಕ್‌ನಲ್ಲಿ ತಾಣ ತೆರೆಯುವ ಮೊದಲು ಕೆಲವು ಸೆಕೆಂಡು ಕಾಯಿಸುವ ಪುಟವಿಡಬಹುದು. ಕೈ ಅಭ್ಯಾಸಬಲದಿಂದ ಟೈಪ್ ಮಾಡಿದ ವಿಳಾಸಗಳಲ್ಲಿ ಬಹಳಷ್ಟು ಅಲ್ಲಿಯೇ ಮುಚ್ಚಿಹೋಗುತ್ತವೆ, ನಿಜವಾಗಿ ಬೇಕಾದದ್ದು ತೆರೆದುಕೊಳ್ಳುತ್ತದೆ. ಊಹೆಯಿಂದ ಐವತ್ತು ತಾಣ ಪಟ್ಟಿ ಮಾಡಬೇಡಿ, ದಾಖಲೆಯಲ್ಲಿ ಮೇಲೆ ನಿಂತ ಎರಡೋ ಮೂರೋ ಸಾಕು.

ಪೊಮೊಡೊರೊ ಪದ್ಧತಿಯಲ್ಲಿ 25 ನಿಮಿಷವೇ ಏಕೆ? ನನಗೆ ಅದು ಒಗ್ಗುವುದಿಲ್ಲ.

ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಅಡುಗೆಮನೆಯ ಟೈಮರ್ ಇಟ್ಟುಕೊಂಡು ರೂಪಿಸಿಕೊಂಡ ಕ್ರಮ ಅದು: 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಿನ ನಂತರ ದೊಡ್ಡ ಬಿಡುವು. ಆ ಸಂಖ್ಯೆಯಲ್ಲಿ ಮಾಂತ್ರಿಕವಾದದ್ದೇನೂ ಇಲ್ಲ. ನಿಮ್ಮ ದಾಖಲೆಯಲ್ಲಿ ತಡೆಯಿಲ್ಲದೆ ಸಾಗಿದ ಅವಧಿಗಳು ಸಾಮಾನ್ಯವಾಗಿ ಎಷ್ಟು ಉದ್ದ ಎಂದು ನೋಡಿ, ಅದಕ್ಕಿಂತ ಸ್ವಲ್ಪ ಹೆಚ್ಚು ಇಟ್ಟುಕೊಳ್ಳಿ. ಬೇಸರದ ಕೆಲಸವನ್ನು ಶುರು ಮಾಡಲು ಚಿಕ್ಕ ಅವಧಿ ಒಳ್ಳೆಯದು. ಬರವಣಿಗೆ ಓಡುತ್ತಿರುವಾಗ ಗಂಟೆ ಬಾರಿಸಿ ಎಬ್ಬಿಸುವುದು ಕೆಲಸಕ್ಕೆ ತಾನೇ ಒಡ್ಡಿಕೊಂಡ ಅಡ್ಡಿ.

ದಾಖಲೆ ನೋಡಿ ಹೆಚ್ಚು ಹೊತ್ತು ಕೂರತೊಡಗಿದೆ, ಈಗ ಮಣಿಕಟ್ಟು ನೋಯುತ್ತದೆ. ಏನು ಮಾಡಲಿ?

ನೋವು ಮುಂದುವರಿದರೆ ವೈದ್ಯರನ್ನು ಕಾಣಿ. ತಂತ್ರಾಂಶದ ಮಟ್ಟಿಗೆ ಹೇಳುವುದಾದರೆ, ವರ್ಕ್‌ರೇವ್ ಇದಕ್ಕೆಂದೇ ಇದೆ: ಕೀಬೋರ್ಡ್ ಮತ್ತು ಮೌಸ್ ಬಳಕೆಯನ್ನು ಗಮನಿಸಿ ಕೆಲವೇ ಸೆಕೆಂಡಿನ ಸಣ್ಣ ಬಿಡುವು, ಕೆಲವು ನಿಮಿಷದ ವಿಶ್ರಾಂತಿ ಮತ್ತು ದಿನದ ಒಟ್ಟು ಮಿತಿ, ಮೂರನ್ನೂ ಅದು ನೆನಪಿಸುತ್ತದೆ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

‘ಎರಡು ದಿನದಲ್ಲಿ ಮುಗಿಸುತ್ತೇನೆ’ ಎಂದದ್ದು ಯಾವಾಗಲೂ ನಾಲ್ಕು ದಿನವಾಗುತ್ತದೆ. ಈ ದಾಖಲೆ ಅದಕ್ಕೆ ನೆರವಾಗುತ್ತದೆಯೇ?

ದಾಖಲೆಯಿಂದ ಸಿಗುವ ಲಾಭಗಳಲ್ಲಿ ಇದೇ ಅತ್ಯಂತ ಗಟ್ಟಿಯಾದದ್ದು, ಜನ ಅತ್ಯಂತ ಕಡಿಮೆ ಬಳಸಿಕೊಳ್ಳುವುದೂ ಇದನ್ನೇ. ತಮ್ಮ ಕೆಲಸಕ್ಕೆ ಹಿಡಿಯುವ ಸಮಯವನ್ನು ಜನ ಕಡಿಮೆ ಅಂದಾಜು ಮಾಡುವ ಪ್ರವೃತ್ತಿಯನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವರ್ಸ್ಕಿ 1979ರಲ್ಲಿಯೇ ಗುರುತಿಸಿದ್ದರು. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 33.9 ದಿನಗಳಲ್ಲಿ ಮುಗಿಸುತ್ತೇವೆ ಎಂದಿದ್ದರು, ಹಿಡಿದದ್ದು 55.5 ದಿನ. ಹಿಂದೆ ಹೀಗೆಯೇ ಆಗಿತ್ತು ಎಂಬ ನೆನಪಿದ್ದರೂ ಈ ಸಲ ಹಾಗಾಗದು ಎಂದುಕೊಳ್ಳುವುದೇ ಇದರ ತಿರುಳು.

ಪರಿಹಾರ ಸರಳ. ಕೆಲಸ ಶುರು ಮಾಡುವ ಮುನ್ನ ನಿಮ್ಮ ಅಂದಾಜನ್ನು ಬರೆದಿಡಿ, ಮುಗಿದ ಮೇಲೆ ದಾಖಲೆಯಿಂದ ನಿಜವಾದ ಗಂಟೆಗಳನ್ನು ಅದರ ಪಕ್ಕ ಬರೆಯಿರಿ. ಒಂದೇ ಬಗೆಯ ಏಳೆಂಟು ಕೆಲಸಗಳಾದ ಮೇಲೆ ಅನುಪಾತಗಳನ್ನು ಕ್ರಮವಾಗಿ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ. ನಾಲ್ಕು ಗಂಟೆ ಎಂದುಕೊಂಡದ್ದು ಏಳಾಗುವುದು ವಾಡಿಕೆಯಾಗಿದ್ದರೆ ಅನುಪಾತ 1.75, ಮುಂದಿನ ಸಲ ಮನಸ್ಸಿಗೆ ಬಂದ ಸಂಖ್ಯೆಯನ್ನು ಅದರಿಂದ ಗುಣಿಸಿಯೇ ಇನ್ನೊಬ್ಬರಿಗೆ ಮಾತು ಕೊಡಿ. ಸರಾಸರಿಗಿಂತ ನಡುವಿನ ಬೆಲೆ ಏಕೆಂದರೆ, ಎಲ್ಲೋ ಒಮ್ಮೆ ಐದು ಪಟ್ಟು ಎಳೆದ ಕೆಲಸ ಸರಾಸರಿಯನ್ನು ಪೂರ್ತಿ ಕೆಡಿಸುತ್ತದೆ.

ಯಾವ ಕೆಲಸವನ್ನು ಸ್ವಯಂಚಾಲಿತ ಮಾಡಿದರೆ ಸಮಯ ಉಳಿಯುತ್ತದೆ ಎಂದು ಗೊತ್ತಾಗುವುದು ಹೇಗೆ?

ಒಂದೇ ಜೋಡಿ ವಿಂಡೋಗಳ ನಡುವೆ ಹಿಂದೆ ಮುಂದೆ ಓಡಾಡಿದ ಜಾಗಗಳನ್ನು ದಾಖಲೆಯಲ್ಲಿ ಹುಡುಕಿ. ಲೆಕ್ಕದ ಹಾಳೆ, ಫಾರಂ, ಲೆಕ್ಕದ ಹಾಳೆ, ಫಾರಂ ಎಂದು ಹತ್ತಾರು ಸಾಲು ಬಂದಿದ್ದರೆ ಅಲ್ಲಿ ಯಾರೋ ಕೈಯಿಂದ ನಕಲು ಮಾಡಿ ಅಂಟಿಸುತ್ತಿದ್ದಾರೆ. ವಿಂಡೋಸ್ 10ಕ್ಕೆ 2018ರಲ್ಲಿ ಬಂದ ಕ್ಲಿಪ್‌ಬೋರ್ಡ್ ಇತಿಹಾಸವನ್ನು, ಅಂದರೆ ವಿಂಡೋಸ್ ಕೀಲಿ ಮತ್ತು ‘ವಿ’ ಒಟ್ಟಿಗೆ ಒತ್ತಿದರೆ ತೆರೆಯುವ ಪಟ್ಟಿಯನ್ನು, ಬಳಸುವುದರಿಂದಲೇ ಆ ಓಡಾಟ ಎಷ್ಟೋ ಇಳಿಯುತ್ತದೆ. ಒಂದೇ ಒಕ್ಕಣೆಯ ಉತ್ತರಗಳನ್ನು ಮತ್ತೆ ಮತ್ತೆ ಬರೆಯುವವರಿಗೆ, ಎರಡು ಮೂರು ಅಕ್ಷರ ಟೈಪ್ ಮಾಡಿದರೆ ಪೂರ್ತಿ ಪಠ್ಯ ತುಂಬುವ ಎಸ್ಪಾನ್ಸೊ ಇದೆ. ವಿಂಡೋಸ್‌ನಲ್ಲಿ ಇನ್ನೂ ಜಟಿಲವಾದದ್ದಕ್ಕೆ ಆಟೋಹಾಟ್‌ಕೀ.

ಲೆಕ್ಕವನ್ನು ಮೊದಲೇ ಹಾಕಿ. ಎರಡು ನಿಮಿಷದ ಕೆಲಸ ದಿನಕ್ಕೆ ಐದು ಸಲ ಬರುತ್ತಿದ್ದರೆ, ವರ್ಷದ 220 ಕೆಲಸದ ದಿನಗಳಿಗೆ 2,200 ನಿಮಿಷ, ಅಂದರೆ 36 ಗಂಟೆಗೂ ಹೆಚ್ಚು. ಅದಕ್ಕಾಗಿ ಮೂರು ಗಂಟೆ ಕುಳಿತು ಸ್ಕ್ರಿಪ್ಟ್, ಅಂದರೆ ಆ ಕೆಲಸವನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಂ, ಬರೆಯುವುದು ಲಾಭ. ಅದೇ ಕೆಲಸ ತಿಂಗಳಿಗೊಮ್ಮೆ ಬಂದರೆ ವರ್ಷಕ್ಕೆ 24 ನಿಮಿಷ. ಅಲ್ಲಿ ಸ್ಕ್ರಿಪ್ಟ್ ಬರೆಯುವುದು ಕೆಲಸ ತಪ್ಪಿಸಿಕೊಳ್ಳುವ ಮರ್ಯಾದಸ್ಥ ದಾರಿ.

ಈ ದಾಖಲೆ ಬೇರೆಯವರ ಕೈಗೆ ಸಿಕ್ಕರೆ ಏನು ಗತಿ?

ನಿಮ್ಮ ಇಡೀ ದಿನದ ಚಹರೆ ಅದರಲ್ಲಿರುವುದರಿಂದ ಪ್ರಶ್ನೆ ಸರಿಯಾದದ್ದೇ. ದಾಖಲೆ ನಿಮ್ಮ ಯಂತ್ರದಲ್ಲಿಯೇ ಇದ್ದರೂ ಅದು ಬಹುಮಟ್ಟಿಗೆ ಸಾಮಾನ್ಯ ಡೇಟಾಬೇಸ್ ಕಡತ. ನಿಮ್ಮ ಖಾತೆಗೆ ಲಾಗಿನ್ ಆಗಬಲ್ಲ ಯಾರಾದರೂ ತೆರೆದು ಓದಬಹುದು. ಬಿಟ್‌ಲಾಕರ್, ಫೈಲ್‌ವಾಲ್ಟ್, ಲಿನಕ್ಸ್‌ನ ಲಕ್ಸ್ ಮೊದಲಾದವುಗಳಿಂದ ಡಿಸ್ಕನ್ನು ಗೂಢಲಿಪಿಯಲ್ಲಿಟ್ಟರೆ ಕಳುವಾದ ಲ್ಯಾಪ್‌ಟಾಪಿನ ಭಯ ತಪ್ಪುತ್ತದೆ, ಒಂದೇ ಖಾತೆಯನ್ನು ಹಂಚಿಕೊಳ್ಳುವವರ ಭಯ ತಪ್ಪುವುದಿಲ್ಲ.

ಬ್ರೌಸರಿನ ಖಾಸಗಿ ವಿಂಡೋ ದಾಖಲಾಗುವುದಿಲ್ಲ ಎಂದು ಹಲವರು ನಂಬಿದ್ದಾರೆ. ವಿಸ್ತರಣೆ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ನಿಜ. ಆದರೆ ವಿಂಡೋದ ಶೀರ್ಷಿಕೆ ಓದುವ ಭಾಗಕ್ಕೆ ಅದು ಇನ್ನೊಂದು ವಿಂಡೋ ಅಷ್ಟೇ, ಪುಟದ ಹೆಸರನ್ನು ಬರೆದುಕೊಳ್ಳಬಹುದು. ಆ್ಯಕ್ಟಿವಿಟಿವಾಚ್‌ನಲ್ಲಿ ಶೀರ್ಷಿಕೆಗಳನ್ನೇ ಕೈಬಿಟ್ಟು ಅಪ್ಲಿಕೇಶನ್ ಹೆಸರನ್ನಷ್ಟೇ ಇಡುವ ಆಯ್ಕೆಯಿದೆ. ಪರದೆಯ ಚಿತ್ರಗಳನ್ನಂತೂ ತೀರಾ ಅಗತ್ಯವಿಲ್ಲದೆ ಕೂಡಿಡಬೇಡಿ. ಪರದೆಯನ್ನು ಆಗಾಗ ಚಿತ್ರಿಸಿಟ್ಟು ಹುಡುಕಲು ಕೊಡುವ ರೀಕಾಲ್ ಸೌಲಭ್ಯವನ್ನು ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಪ್ರಕಟಿಸಿದಾಗ ಎದ್ದ ಆಕ್ಷೇಪ ಎಷ್ಟಿತ್ತೆಂದರೆ, ಬಿಡುಗಡೆಯನ್ನು ಮುಂದೂಡಿ, ಬಳಕೆದಾರ ಒಪ್ಪಿದರೆ ಮಾತ್ರ ಚಾಲೂ ಆಗುವಂತೆ ಬದಲಿಸಬೇಕಾಯಿತು.

ಕಚೇರಿಯವರೇ ಇಂಥದ್ದನ್ನು ಹಾಕಿದ್ದಾರೆ. ಅದನ್ನೇ ನನ್ನ ಸುಧಾರಣೆಗೂ ಬಳಸಿಕೊಳ್ಳಬಹುದೇ?

ಬಳಸಿಕೊಳ್ಳುವುದು ಕಷ್ಟ, ಏಕೆಂದರೆ ಇನ್ನೊಬ್ಬರು ನೋಡುವ ದಾಖಲೆಯಲ್ಲಿ ಯಾರೂ ಪ್ರಾಮಾಣಿಕವಾಗಿರಲಾರರು. ಮೌಸನ್ನು ತಾನಾಗಿ ಅಲುಗಿಸುವ ಸಾಧನಗಳಿಗೆ ಗಿರಾಕಿಗಳು ಹುಟ್ಟಿದ್ದೇ ಇಂಥ ಕಾವಲಿನಿಂದ. ಮೈಕ್ರೋಸಾಫ್ಟ್ 365ರ ಉತ್ಪಾದಕತೆ ಅಂಕ 2020ರಲ್ಲಿ ಮೊದಲಿಗೆ ನೌಕರರ ಹೆಸರುಗಳೊಂದಿಗೆ ಬಳಕೆಯ ವಿವರ ತೋರಿಸುತ್ತಿತ್ತು. ಟೀಕೆ ಬಂದ ಮೇಲೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೆಸರುಗಳನ್ನು ತೆಗೆಯುವುದಾಗಿ ಕಂಪನಿ ಹೇಳಿತು.

ಕಚೇರಿಯ ಯಂತ್ರದಲ್ಲಿ ನಿಮ್ಮದೇ ತಂತ್ರಾಂಶ ಹಾಕುವ ಮುನ್ನವೂ ಅನುಮತಿ ಕೇಳಿ. ಗಿರಾಕಿಗಳ ಹೆಸರಿರುವ ಶೀರ್ಷಿಕೆಗಳು ನಿಮ್ಮ ಸ್ವಂತ ದಾಖಲೆಗೆ ಸೇರುವುದು ಅಲ್ಲಿನ ನಿಯಮಗಳಿಗೆ ವಿರುದ್ಧವಾಗಿರಬಹುದು.

ಮ್ಯಾಕ್‌ನಲ್ಲಿ ಶೀರ್ಷಿಕೆ ಖಾಲಿ ಬರುತ್ತದೆ; ಗೆಳೆಯನ ಲಿನಕ್ಸ್‌ನಲ್ಲಿ ಏನೂ ಬರುವುದಿಲ್ಲ. ತಂತ್ರಾಂಶ ಕೆಟ್ಟಿದೆಯೇ?

ಕೆಟ್ಟಿಲ್ಲ, ಅನುಮತಿ ಸಿಕ್ಕಿಲ್ಲ. ಮ್ಯಾಕ್‌ನ ಗೌಪ್ಯತೆ ಸೆಟ್ಟಿಂಗ್‌ಗಳಲ್ಲಿ ಅದಕ್ಕೆ ಆ್ಯಕ್ಸೆಸಿಬಿಲಿಟಿ ಅನುಮತಿ ಕೊಡಬೇಕು. ಕೆಲವು ತಂತ್ರಾಂಶಗಳಿಗೆ ಪರದೆ ದಾಖಲಿಸುವ ಅನುಮತಿಯೂ ಬೇಕು. ಕೊಟ್ಟ ಮೇಲೆ ತಂತ್ರಾಂಶವನ್ನು ಮುಚ್ಚಿ ತೆರೆಯಿರಿ. ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಹಳೆಯ ಎಕ್ಸ್11 ವ್ಯವಸ್ಥೆ ಯಾವ ವಿಂಡೋ ಮುಂದಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಭದ್ರತೆಯ ಕಾರಣಕ್ಕೆ ಹಾಗೆ ಹೇಳುವುದಿಲ್ಲ, ಎಲ್ಲ ಡೆಸ್ಕ್‌ಟಾಪ್‌ಗಳಿಗೂ ಹೊಂದುವ ಒಂದೇ ದಾರಿಯೂ ಇಲ್ಲ. ಗ್ನೋಮ್ ಎಂಬ ಡೆಸ್ಕ್‌ಟಾಪ್‌ಗೆ ಒಂದು ವಿಸ್ತರಣೆ, ಕೆಡಿಇಗೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಹಾಕಿಕೊಳ್ಳಬೇಕಾಗುತ್ತದೆ.

ದಾಖಲೆಯನ್ನು ಹೊರತೆಗೆದು ನಾನೇ ವಿಶ್ಲೇಷಿಸಬೇಕೆಂದಿದ್ದೇನೆ. ಎಲ್ಲಿ ಎಡವುತ್ತೇನೆ?

ಜೇಸನ್ ಅಥವಾ ಸಿಎಸ್‌ವಿ ರೂಪದಲ್ಲಿ ಹೊರತೆಗೆಯುವುದು ಸುಲಭ. ಮೊದಲ ತೊಡಕು ಗಡಿಯಾರದ್ದು: ಸಮಯ ಬಹುತೇಕ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ಸ್ಥಳೀಯ ಸಮಯಕ್ಕೆ ಬದಲಿಸದಿದ್ದರೆ ಬೆಳಗಿನ ಕೆಲಸ ಹಿಂದಿನ ರಾತ್ರಿಯದಾಗಿ ಕಾಣಬಹುದು. ಎರಡನೆಯದು ದಿನದ ಗಡಿ. ನಡುರಾತ್ರಿ ದಾಟಿ ಕೆಲಸ ಮಾಡುವವರ ಒಂದು ದಿನ ಎರಡಾಗಿ ತುಂಡಾಗುತ್ತದೆ. ಆ್ಯಕ್ಟಿವಿಟಿವಾಚ್ ಇದಕ್ಕಾಗಿಯೇ ತನ್ನ ದಿನವನ್ನು ಬೆಳಗಿನ ಜಾವ ನಾಲ್ಕರಿಂದ ಎಣಿಸುತ್ತದೆ, ನೀವೂ ಹಾಗೆಯೇ ಎಣಿಸಿ. ಮೂರನೆಯದು ಸಣ್ಣ ಚೂರುಗಳು: ವಿಂಡೋ ಬದಲಿಸುವಾಗ ದಾರಿಯಲ್ಲಿ ಮುಟ್ಟಿದ ಒಂದೆರಡು ಸೆಕೆಂಡಿನ ನಮೂದುಗಳನ್ನು ಪಕ್ಕದವುಗಳೊಂದಿಗೆ ಸೇರಿಸದೆ ಎಣಿಸಿದರೆ ಬದಲಾವಣೆಯ ಸಂಖ್ಯೆ ಹುಸಿಯಾಗಿ ಏರುತ್ತದೆ. ಹತ್ತು ಸೆಕೆಂಡಿಗಿಂತ ಚಿಕ್ಕವನ್ನು ಮಡಿಚಿಹಾಕುವುದು ಒಳ್ಳೆಯ ಆರಂಭ. ಎಲ್ಲಕ್ಕೂ ಮೊದಲು, ಬಳಕೆದಾರ ಎದುರಿಗಿಲ್ಲದ ಅವಧಿಯನ್ನು ವಿಂಡೋ ದಾಖಲೆಯಿಂದ ಕಳೆಯಬೇಕು. ಇವೆರಡೂ ಬೇರೆ ಬೇರೆ ಪಟ್ಟಿಗಳಲ್ಲಿರುವುದರಿಂದ ಇದನ್ನು ಮರೆಯುವುದು ಸುಲಭ, ಮರೆತರೆ ಊಟಕ್ಕೆ ಎದ್ದು ಹೋದ ಗಂಟೆಯೂ ಕೆಲಸದ ಲೆಕ್ಕಕ್ಕೆ ಸೇರುತ್ತದೆ.

ಈಗ ದಾಖಲೆ ನೋಡುವುದೇ ಚಟವಾಗಿದೆ. ನಿಲ್ಲಿಸಿಬಿಡಬಹುದೇ?

ಖಂಡಿತ ನಿಲ್ಲಿಸಬಹುದು. ದಿನಕ್ಕೆ ನಾಲ್ಕು ಸಲ ಅಂಕಿ ನೋಡುವುದು ಇನ್ನೊಂದು ಗಮನಭಂಗವೇ. ದಾಖಲೆಯಲ್ಲಿ ಆ 5600ನೇ ಪೋರ್ಟಿನ ಪುಟವೂ ಒಂದು ಸಾಲಾಗಿ ಬರುತ್ತದೆ, ಎಷ್ಟು ನಿಮಿಷ ಎಂದು ನೀವೇ ನೋಡಿಕೊಳ್ಳಿ. ನಿಮಗಿದ್ದ ಪ್ರಶ್ನೆಗೆ ಉತ್ತರ ಸಿಕ್ಕು, ಬದಲಾವಣೆ ರೂಢಿಯಾಗಿದ್ದರೆ ತಂತ್ರಾಂಶವನ್ನು ನಿಲ್ಲಿಸಿಬಿಡಿ. ಹಳೆಯ ದಾಖಲೆಯಿಂದ ಕೆಲಸಗಳ ಅಂದಾಜು ಮತ್ತು ನಿಜವಾದ ಗಂಟೆಗಳ ಪಟ್ಟಿಯನ್ನು ಮಾತ್ರ ತೆಗೆದಿಟ್ಟುಕೊಂಡು, ಸೆಕೆಂಡು ಸೆಕೆಂಡಿನ ವಿವರಗಳನ್ನು ಅಳಿಸಬಹುದು. ಕೆಲಸದ ಸ್ವರೂಪ ಬದಲಾದಾಗ, ಹೊಸ ಯೋಜನೆ ಬಂದಾಗ, ಅಥವಾ ದಿನಗಳು ಎಲ್ಲಿ ಹೋಗುತ್ತಿವೆ ಎಂಬ ಅನುಮಾನ ಮತ್ತೆ ಎದ್ದಾಗ ಎರಡು ಮೂರು ವಾರಕ್ಕೆ ಚಾಲೂ ಮಾಡಿದರೆ ಆಯಿತು. ಹಿಂದೆ ಬರೆದ ವರ್ಗದ ನಿಯಮಗಳನ್ನು ಹೊರತೆಗೆದು ಇಟ್ಟುಕೊಂಡಿದ್ದರೆ ಅವುಗಳನ್ನು ಮತ್ತೆ ಬರೆಯಬೇಕಾಗುವುದಿಲ್ಲ.